ಪುಟ್ಟ ಹೆಬ್ಬಾವಿಗೆ ಎಷ್ಟು ಬಿಸಿ ಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಅರಸೀಕೆರೆ ಹತ್ರ, ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರಲ್ಲಿ ಇದೀವಿ. ಮಗನ ಹಠಕ್ಕೆ ಒಂದು ರಾಯಲ್ ಪೈಥಾನ್ ಮರಿ ತಂದಿದೀವಿ. ಮೂರಡಿ ಗಾಜಿನ ಟ್ಯಾಂಕು, ಮೇಲೆ ಜಾಲರಿ ಮುಚ್ಚಳ, ಕೆಳಗೆ ಹೀಟ್ ಮ್ಯಾಟ್. ಥರ್ಮೋಸ್ಟಾಟ್ ಏನೂ ಬೇಡ ಅಂದ್ರು ಅಂಗಡಿಯವರು. ಗಾಜಿಗೆ ಅಂಟಿಸಿರೋ ಥರ್ಮಾಮೀಟರ್ 26 ಡಿಗ್ರಿ ತೋರಿಸುತ್ತೆ. ಮೂರು ವಾರದಿಂದ ಮರಿ ಏನೂ ತಿಂದಿಲ್ಲ, ಇಡೀ ದಿನ ನೀರಿನ ಬಟ್ಟಲಿನ ಹಿಂದೆ ಮುದುಡಿಕೊಂಡಿರುತ್ತೆ. ಮನೇಲಿ ಸೆಂಟ್ರಲ್ ಹೀಟಿಂಗ್ ಇದೆ, ರಾತ್ರಿ ಆಫ್ ಮಾಡ್ತೀವಿ. ನಂಗೆ ಹಾವು ಅಂದ್ರೆ ಭಯ, ಆದ್ರೂ ಅದರ ಸ್ಥಿತಿ ನೋಡಿದ್ರೆ ಸಂಕಟ ಆಗುತ್ತೆ. ಏನು ಮಾಡ್ಬೇಕು?

ಉತ್ತರ: ಭಯ ಇದ್ರೂ ಅದಕ್ಕಾಗಿ ಕೂತು ಪತ್ರ ಬರೆದಿದೀರಲ್ಲ, ತುಂಬಾ ಸಂತೋಷ. ಮೊದಲು ಥರ್ಮೋಸ್ಟಾಟ್, ಅಂದ್ರೆ ಬೇಕಾದಷ್ಟು ಬಿಸಿ ಆದ ಕೂಡಲೇ ಹೀಟರನ್ನ ತಾನೇ ತಡೆಯೋ ಸಾಧನ, ಅದನ್ನ ಇವತ್ತೇ ತಗೊಳ್ಳಿ. ಅದು ಬರೋ ತನಕ ಮ್ಯಾಟ್ ಆಫ್ ಮಾಡಿ, ಬದಲಿಗೆ ಆ ರೂಮಿನ ಹೀಟಿಂಗ್ ರಾತ್ರಿ ಪೂರ್ತಿ ಆನ್ ಇರ್ಲಿ. ಥರ್ಮೋಸ್ಟಾಟ್ ಬೇಡ ಅನ್ನೋ ಮಾತನ್ನ ನಾನಂತೂ ಒಪ್ಪಲ್ಲ. ಕಂಟ್ರೋಲ್ ಇಲ್ದೆ ಬಿಟ್ರೆ ಗಾಜಿನ ಕೆಳಗಿರೋ ಮ್ಯಾಟು ಸುಲಭವಾಗಿ 40 ಡಿಗ್ರಿ ದಾಟುತ್ತೆ, ಹಾವು ಅದರ ಮೇಲೇ ಮಲಗಿದ್ದು ಹೊಟ್ಟೆ ಸುಟ್ಕೊಳ್ಳುತ್ತೆ, ಎದ್ದು ಪಕ್ಕಕ್ಕೆ ಹೋಗಲ್ವಾ ಅಂತ ಕೇಳಬಹುದು, ಎಷ್ಟೋ ಸಲ ಹೋಗಲ್ಲ. ಕಾಡಲ್ಲಿ ಬಿಸಿಲು ಬರೋದು ಮೇಲಿಂದ, ತಂಪು ಬೇಕಂದ್ರೆ ಹಾವು ನೆಲದೊಳಗಿನ ಬಿಲ ಸೇರುತ್ತೆ, ಹಾಗಾಗಿ ಕೆಳಗಿಂದ ಸುಡೋ ನೆಲ ಅದಕ್ಕೆ ಅರ್ಥ ಆಗೋ ವಿಷಯ ಅಲ್ಲ. ಹೊಟ್ಟೆಯ ಹುರುಪೆ ಕೆಂಪಾಗಿದ್ರೆ, ಕಂದು ಬಣ್ಣಕ್ಕೆ ತಿರುಗಿದ್ರೆ ಅಥವಾ ಗುಳ್ಳೆ ಎದ್ದಿದ್ರೆ ಮನೆಮದ್ದು ಹಚ್ಚೋಕೆ ಹೋಗಬೇಡಿ, ಸರೀಸೃಪ ನೋಡೋ ವೆಟ್ ಹತ್ರ ಕರ್ಕೊಂಡ್ ಹೋಗಿ.

ಇನ್ನು ಆ 26 ಡಿಗ್ರಿ. ಅದು ಸ್ಟಿಕ್ಕರ್ ಅಂಟಿರೋ ಜಾಗದ್ದು ಅಷ್ಟೇ, ಮರಿಯ ಹೊಟ್ಟೆ ತಾಗೋ ನೆಲದ ಲೆಕ್ಕ ಬೇರೆ. ವೈರಿನ ತುದೀಲಿ ಪ್ರೋಬ್ ಇರೋ ಡಿಜಿಟಲ್ ಥರ್ಮಾಮೀಟರ್ ಎರಡು ತಗೊಂಡು ಒಂದನ್ನ ಬಿಸಿ ತುದೀಲಿ, ಒಂದನ್ನ ತಂಪು ತುದೀಲಿ ನೆಲಕ್ಕೇ ಇಡಿ. ಬಿಸಿ ಕಡೆ 31ರಿಂದ 32, ತಂಪು ಕಡೆ 25-26, ರಾತ್ರಿ 24ಕ್ಕಿಂತ ಕೆಳಗೆ ಇಳಿಯಬಾರದು. ಇಡೀ ಟ್ಯಾಂಕನ್ನ 30ಕ್ಕೆ ತಂದು ನಿಲ್ಲಿಸಿದ್ರೆ ಆಯ್ತಲ್ಲ ಅಂತ ಸುಮಾರು ಜನ ಕೇಳ್ತಾರೆ, ಆಗಲ್ಲ. ಹಾವಿನ ಮೈ ತಾನಾಗೇ ಶಾಖ ಇಟ್ಕೊಳ್ಳಲ್ಲ, ತಿಂದದ್ದು ಅರಗೋಕೆ ಬಿಸಿ ಕಡೆ ಹೋಗುತ್ತೆ, ಸಾಕು ಅನ್ಸಿದ್ರೆ ತಂಪಿಗೆ ಬರುತ್ತೆ, ಎಷ್ಟು ಬೇಕು ಅನ್ನೋದನ್ನ ಅದೇ ಆರಿಸ್ಕೋಬೇಕು, ನಮ್ಮ ಕೆಲಸ ಎರಡನ್ನೂ ಒದಗಿಸೋದು. ಬಿಸಿ ಸಾಲದಿದ್ರೆ ಹಸಿವೇ ಆಗಲ್ಲ, ಬಲವಂತಕ್ಕೆ ತಿಂದ್ರೂ ವಾಂತಿ ಮಾಡುತ್ತೆ, ತುಂಬಾ ದಿನ ಹಾಗೇ ಇದ್ರೆ ಶ್ವಾಸಕೋಶಕ್ಕೆ ಸೋಂಕು ಹತ್ತುತ್ತೆ. ಮೂಗಿನಲ್ಲಿ ಗುಳ್ಳೆ, ಉಸಿರಾಡುವಾಗ ಸಿಳ್ಳೆ ಥರ ಸದ್ದು, ಬಾಯಿ ತೆರೆದೇ ಇರೋದು, ಇವು ಅದರ ಗುರುತು.

ನಿಮ್ಮ ಮನೇಲಿ ಇನ್ನೊಂದು ತೊಂದರೆ ಇದೆ. ಮ್ಯಾಟು ತನಗೆ ತಾಗಿರೋ ಜಾಗನ ಮಾತ್ರ ಬಿಸಿ ಮಾಡುತ್ತೆ, ಗಾಳಿನ ಅಷ್ಟಾಗಿ ಮಾಡಲ್ಲ. ಚಳಿಗಾಲದ ರಾತ್ರಿ ಹೀಟಿಂಗ್ ಆಫ್ ಆದ ಮೇಲೆ ಜಾಲರಿ ಮುಚ್ಚಳದಲ್ಲಿ ಶಾಖನೂ ಹೋಗುತ್ತೆ, ತೇವನೂ ಹೋಗುತ್ತೆ. ಹಾಗಂತ ಮ್ಯಾಟಿನ ಮೇಲೆ ದಪ್ಪಗೆ ನಾರು ಹರಡಿದ್ರೆ ಶಾಖ ಕೆಳಗೇ ಸಿಕ್ಕಾಕ್ಕೊಂಡು ಗಾಜು ಬಿರಿಯೋ ಸಾಧ್ಯತೆ ಇದೆ. ಅದಕ್ಕೇ ನನ್ನ ಸಲಹೆ, ಬಿಸಿ ಮೇಲಿಂದ ಕೊಡಿ. ಬೆಳಕು ಕೊಡದ ಸೆರಾಮಿಕ್ ಹೀಟರ್ ಅಥವಾ ಡೀಪ್ ಹೀಟ್ ಪ್ರೊಜೆಕ್ಟರ್ (ಶಾಖದ ಕಿರಣ ಬೀರೋ ಬಲ್ಬಿನಂಥ ಹೀಟರ್) ಹಾಕಿ, ಅದಕ್ಕೂ ಸರಿಹೊಂದೋ ಥರ್ಮೋಸ್ಟಾಟ್ ಬೇಕು, ಟ್ಯಾಂಕಿನ ಒಳಗೇ ಕೂರಿಸೋದಾದ್ರೆ ಸುತ್ತ ತಂತಿ ಗಾರ್ಡ್ ಬೇಕೇ ಬೇಕು, ಯಾಕಂದ್ರೆ ಮರಿ ಹೋಗಿ ಅದಕ್ಕೇ ಸುತ್ತಿಕೊಳ್ಳುತ್ತೆ. ಥರ್ಮೋಸ್ಟಾಟಿನ ಪ್ರೋಬ್ ಅಲುಗಾಡದ ಹಾಗೆ ಫಿಕ್ಸ್ ಮಾಡಿ. ಅದು ಜಾರಿ ತಂಪು ಕಡೆ ಬಿತ್ತು ಅಂದ್ರೆ ಇನ್ನೂ ಬಿಸಿ ಆಗಿಲ್ಲ ಅಂದ್ಕೊಂಡು ಹೀಟರ್ ಉರೀತಾನೇ ಇರುತ್ತೆ. ಹೀಟರ್ ಇರೋ ಜಾಗ ಮತ್ತೆ ಗಾಳಿಗೆ ಒಂದಿಷ್ಟು ಬಿಟ್ಟು ಉಳಿದ ಜಾಲರಿಗೆ ಅಲ್ಯುಮಿನಿಯಂ ಫಾಯಿಲ್ ಮುಚ್ಚಿ, ಹೀಟರ್ ಹತ್ರ ಬಟ್ಟೆ, ಕಂಬಳಿ ಬೇಡ. ಮೂರು ಕಡೆ ಗಾಜಿಗೆ ಹೊರಗಿಂದ ಥರ್ಮೋಕೋಲ್ ಶೀಟ್ ಅಂಟಿಸಿದ್ರೆ ಶಾಖ ಉಳಿಯುತ್ತೆ, ಮರಿಗೂ ಮರೆ ಸಿಗುತ್ತೆ. ಮುಂದೆ ಅದು ನಾಲ್ಕಡಿ ತನಕ ಬೆಳೆದಾಗ ನಾಲ್ಕಡಿ ಉದ್ದ, ಎರಡಡಿ ಅಗಲದ ಮರದ ಪೆಟ್ಟಿಗೆ ಒಳ್ಳೇದು.

ಮರೆ ಅಂದೆನಲ್ಲ, ಅದು ಈ ಹಾವಿಗೆ ಊಟದಷ್ಟೇ ಮುಖ್ಯ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಕಡೆ ಇದು ಹಗಲೆಲ್ಲ ಇಲಿ ಬಿಲದಲ್ಲೋ ಹುತ್ತದಲ್ಲೋ ಇರುತ್ತೆ, ಕತ್ತಲಾದ ಮೇಲೆ ಹೊರಗೆ ಬರುತ್ತೆ, ಹೆದರಿದ್ರೆ ತಲೆನ ಮಧ್ಯ ಬಚ್ಚಿಟ್ಟು ಉಂಡೆ ಆಗುತ್ತೆ. ನಿಮ್ಮ ಮರಿ ಬಟ್ಟಲಿನ ಹಿಂದೆ ಕೂರೋದು ಬೇರೆ ಜಾಗ ಇಲ್ಲ ಅಂತ. ಬಿಸಿ ಕಡೆ ಒಂದು, ತಂಪು ಕಡೆ ಒಂದು, ಮೈಗೆ ಬಿಗಿಯಾಗಿ ಕೂರೋಷ್ಟು ಸಣ್ಣ ಗೂಡು ಇಡಿ. ಒಂದೇ ಇಟ್ರೆ ಬಿಸಿನಾ, ಮರೆನಾ ಅಂತ ಅದು ಒದ್ದಾಡಬೇಕಾಗುತ್ತೆ. ಖಾಲಿ ಜಾಗದಲ್ಲಿ ಪ್ಲಾಸ್ಟಿಕ್ ಎಲೆ, ತೊಗಟೆ ತುಂಬಿ. ಹಾಸೋಕೆ ತೆಂಗಿನ ನಾರು, ಸಿಪ್ಪೆ ಚೂರು, ಅರಸೀಕೆರೆಯವರಿಗೆ ಅದನ್ನ ಹೇಳಿಕೊಡೋದು ಬೇಕಿಲ್ಲ ಬಿಡಿ, ತೇವ ಹಿಡಿಯೋದ್ರಲ್ಲಿ ಅದು ತುಂಬಾ ಒಳ್ಳೇದು. ಸೀಡರ್, ಪೈನ್ ಹೊಟ್ಟು ಬೇಡ. ತೇವಾಂಶ 60 ಪರ್ಸೆಂಟ್ ಆಸುಪಾಸು ಇರ್ಲಿ, ಪೊರೆ ಬಿಡೋ ಸಮಯಕ್ಕೆ ಸ್ವಲ್ಪ ಜಾಸ್ತಿ.

ಇದೆಲ್ಲ ಸರಿ ಮಾಡಿ ಒಂದು ವಾರ ಯಾರೂ ಮುಟ್ಟಬೇಡಿ, ಮಗನಿಗೆ ಕಷ್ಟ ಆಗುತ್ತೆ ಗೊತ್ತು. ಆಮೇಲೆ ಸಂಜೆ ಹೊತ್ತು, ಕರಗಿಸಿದ ಫ್ರೋಜನ್ ಇಲಿಮರಿನ ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದು ಕೊಡಿ, ಮೈಕ್ರೋವೇವ್ ಬೇಡ. ಗಾತ್ರ ಮರಿಯ ತೂಕದ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿದ್ರೆ ಸಾಕು. ತಿಂದ ಮೇಲೆ ಎರಡು ದಿನ ಎತ್ತಿಕೊಳ್ಳಬಾರದು. ವಾರಕ್ಕೊಮ್ಮೆ ಗ್ರಾಂ ತೋರಿಸೋ ತಕ್ಕಡೀಲಿ ತೂಕ ನೋಡಿ ಬರೆದಿಡಿ. ಈ ಜಾತಿ ಉಪವಾಸ ಇರೋದು ಸಾಮಾನ್ಯ, ಆದ್ರೆ ಮರಿಯ ತೂಕ ಹತ್ತು ಪರ್ಸೆಂಟ್ ಇಳಿದ್ರೆ ಕಾಯಬೇಡಿ, ವೆಟ್ ಹತ್ರ ಹೋಗಿ. ಮಗನಿಗೆ ಇನ್ನೊಂದು ವಿಷಯ ಹೇಳಿ, ಇವು 20-30 ವರ್ಷ ಬದುಕುತ್ವೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಹೆಣ್ಣು 2020ರಲ್ಲಿ ಮೊಟ್ಟೆ ಇಟ್ಟಿತ್ತು. ಅವನು ಕಾಲೇಜಿಗೆ ಹೋದಾಗ ಯಾರು ನೋಡ್ಕೋತಾರೆ ಅಂತ ಈಗಲೇ ಮಾತಾಡಿಕೊಳ್ಳಿ.

ಪ್ರಶ್ನೆ: ರಾತ್ರಿ ಹೊತ್ತು ಕೆಂಪು ಬಲ್ಬ್ ಹಾಕಬಹುದಾ? ಹಾವಿಗೆ ಕೆಂಪು ಕಾಣಲ್ಲ ಅಂತಾರೆ.

ಉತ್ತರ: ಬೇಡ. ಕೆಂಪು ಬೆಳಕಿದ್ರೂ ಅದಕ್ಕೆ ಅದು ಪೂರ್ತಿ ಕತ್ತಲಲ್ಲ, ರಾತ್ರಿ ಕತ್ತಲು ಬೇಕು. ಕರೆಂಟಿನ ಬಿಸಿ ಕಲ್ಲು ಮಾರ್ತಾರಲ್ಲ, ಅದೂ ಬೇಡ.

ಪ್ರಶ್ನೆ: ಬೆಂಗಳೂರಲ್ಲಿ ಬಾಲ್ ಪೈಥಾನ್ ಸಾಕೋಕೆ ಆಸೆ. ಇಲ್ಲಿ ಹೀಟರ್ ಬೇಕಾ?

ಉತ್ತರ: ಹೀಟರಿಗಿಂತ ಮೊದಲು ಕಾಗದಪತ್ರ. ಬಾಲ್ ಪೈಥಾನ್ ಅಂದ್ರೆ ಮೇಲೆ ಹೇಳಿದ ರಾಯಲ್ ಪೈಥಾನೇ, ಸೈಟೀಸ್ (ವನ್ಯಜೀವಿ ವ್ಯಾಪಾರಕ್ಕೆ ಮಿತಿ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಪ್ರಾಣಿ, 2022ರ ತಿದ್ದುಪಡಿ ಆದ ಮೇಲೆ ನಮ್ಮ ವನ್ಯಜೀವಿ ಕಾಯ್ದೆಯೊಳಗೂ ಬಂದಿದೆ, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮಾರೋರ ಹತ್ರ ದಾಖಲೆ ಇಲ್ಲ ಅಂದ್ರೆ ತಗೊಳ್ಳಲೇಬೇಡಿ. ಹೀಟರ್ ಬೇಕು, ಡಿಸೆಂಬರ್ ರಾತ್ರಿ ಬೆಂಗಳೂರಿನ ಚಳಿ ಈ ಹಾವಿಗೆ ಜಾಸ್ತಿನೇ. ಏಪ್ರಿಲ್‌ನಲ್ಲಿ ಉಲ್ಟಾ, ಕಿಟಕಿ ಬಿಸಿಲು ಬೀಳೋ ಕಡೆ ಗಾಜಿನ ಟ್ಯಾಂಕ್ ಇಟ್ರೆ ಸ್ವಲ್ಪ ಹೊತ್ತಿಗೇ ಮರಿ ಸತ್ತು ಹೋಗುತ್ತೆ. ಕರೆಂಟ್ ಹೋದ್ರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಮೂಲೇಲಿ ಇಡಿ, ಆ ಹೊತ್ತಲ್ಲಿ ಊಟ ಮಾತ್ರ ಕೊಡಬೇಡಿ.

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟದಲ್ಲಿ ಹೆಬ್ಬಾವಿನ ಮರಿ ಸಿಕ್ಕಿದೆ. ತಾಯಿ ಕಾಣ್ತಿಲ್ಲ. ಬಲ್ಬ್ ಹಾಕಿ ಸ್ವಲ್ಪ ದಿನ ಸಾಕಿ ಬಿಡೋಣ ಅಂತ.

ಉತ್ತರ: ದಯವಿಟ್ಟು ಬೇಡ. ನಿಮ್ಮದು ಕರುಣೆಯೇ, ಆದ್ರೆ ಆ ಮರಿಗೆ ತಾಯಿ ಬೇಕಿಲ್ಲ. ತಾಯಿ ಹೆಬ್ಬಾವು ಮೊಟ್ಟೆ ಸುತ್ತಿಕೊಂಡು ಮೈ ನಡುಗಿಸಿ ಕಾವು ಕೊಡುತ್ತೆ, ಮೊಟ್ಟೆ ಒಡೆದ ಮೇಲೆ ಮರಿಗಳು ತಮ್ಮ ಪಾಡಿಗೆ ಬದುಕುತ್ವೆ. ನಮ್ಮ ನಾಡಿನ ಹೆಬ್ಬಾವು ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲ್‌ನಲ್ಲಿದೆ, ಮನೇಲಿ ಇಟ್ಕೊಂಡ್ರೆ 3ರಿಂದ 7 ವರ್ಷ ಜೈಲು. ಚೆನ್ನಾಗಿ ಓಡಾಡ್ತಿದ್ರೆ ಇದ್ದಲ್ಲೇ ಬಿಡಿ, ನಾಯಿ, ಕೋಳಿ ಸ್ವಲ್ಪ ಹೊತ್ತು ಆ ಕಡೆ ಹೋಗದ ಹಾಗೆ ನೋಡ್ಕೊಳ್ಳಿ. ಗಾಯ ಆಗಿದ್ರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅವರು ಬರೋವರೆಗೂ ಹಾಲು, ಮೊಟ್ಟೆ ಏನೂ ಕೊಡಬೇಡಿ, ಬಲ್ಬೂ ಹಾಕಬೇಡಿ.