ದ್ರೋಹಿಯೋ ಬಲಿಪಶುವೋ: ರಝುಮೋವ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಜೋಸೆಫ್ ಕಾನ್ರಾಡ್‌ನ ‘ಅಂಡರ್ ವೆಸ್ಟರ್ನ್ ಐಸ್’ ಕಾದಂಬರಿಯ ರಝುಮೋವ್, ತನ್ನನ್ನು ನಂಬಿ ಬಂದ ಹಾಲ್ಡಿನ್‌ನನ್ನು ಪೊಲೀಸರಿಗೆ ಹಿಡಿದುಕೊಡುತ್ತಾನೆ, ಕೊನೆಗೆ ತಾನಾಗಿಯೇ ತಪ್ಪೊಪ್ಪಿಕೊಳ್ಳುತ್ತಾನೆ. ಅವನನ್ನು ದ್ರೋಹಿ ಎನ್ನಬೇಕೆ, ಬಲಿಪಶು ಎನ್ನಬೇಕೆ?

ಉತ್ತರ: ದ್ರೋಹಿಯೆಂದೇ ಹೇಳಬೇಕು. ಆದರೆ ಅವನು ಕ್ರಾಂತಿಕಾರಿಗಳ ಬಳಗಕ್ಕೆ ಸೇರಿದವನಲ್ಲ. ತಂದೆಯ ಹೆಸರು ಹೇಳಿಕೊಳ್ಳುವ ಹಕ್ಕಿಲ್ಲದ, ಪ್ರಬಂಧ ಬರೆದು ಬೆಳ್ಳಿ ಪದಕ ಪಡೆದು ಮುಂದೆ ಬರಬೇಕೆಂದಿದ್ದ ಪೀಟರ್ಸ್‌ಬರ್ಗಿನ ಒಬ್ಬ ವಿದ್ಯಾರ್ಥಿ. ಮಂತ್ರಿಯ ಮೇಲೆ ಬಾಂಬೆಸೆದ ಹಾಲ್ಡಿನ್ ಹೇಳದೆ ಕೇಳದೆ ಅವನ ಕೋಣೆಗೆ ಬಂದು ಕುಳಿತಾಗ, ಅವನು ಮೊದಲು ಹೊರಟದ್ದು ಹಾಲ್ಡಿನ್‌ನನ್ನು ಪಾರುಮಾಡಲೆಂದೇ. ಹಾಲ್ಡಿನ್‌ನನ್ನು ಊರಾಚೆ ದಾಟಿಸಬೇಕಿದ್ದ, ಜಾರುಬಂಡಿ ಹೊಡೆಯುವ ಜೀಮಿಯಾನಿಚ್ ಕುಡಿದು ಲಾಯದಲ್ಲಿ ಮೈಮರೆತು ಬಿದ್ದಿರುತ್ತಾನೆ. ರಝುಮೋವ್ ಹುಲ್ಲೆತ್ತುವ ಕವೆಗೋಲಿನ ಹಿಡಿಯಿಂದ, ಅದು ಮುರಿಯುವವರೆಗೂ ಅವನನ್ನು ಬಡಿಯುತ್ತಾನೆ. ಮರಳುವ ದಾರಿಯಲ್ಲಿ ಹಾಲ್ಡಿನ್ ಹಿಮದ ಮೇಲೆ ಅಡ್ಡಲಾಗಿ ಮಲಗಿದಂತೆ ಕಾಣುತ್ತದೆ. ರಝುಮೋವ್ ಅವನ ಎದೆಯನ್ನು ತುಳಿದುಕೊಂಡೇ ಮುಂದೆ ಸಾಗುತ್ತಾನೆ. ದ್ರೋಹ ನಡೆದುಹೋದದ್ದು ಈ ಹೆಜ್ಜೆಯಲ್ಲಿ. ಅವನ ತಂದೆಯಾದ ರಾಜಕುಮಾರನ ಮನೆ, ಸುಳಿವು ಕೊಟ್ಟ ಜನರಲ್‌ನ ಕೋಣೆ, ಹಾಲ್ಡಿನ್‌ನ ಬಂಧನ, ಗಲ್ಲು ಎಲ್ಲವೂ ಅದರ ಹಿಂದೆಯೇ ಬರುತ್ತವೆ. ನಂಬಿಕೆಯ ಬಂಧವೇ ಇಲ್ಲದ ಕಡೆ ದ್ರೋಹವೆಲ್ಲಿಂದ ಬಂತು ಎಂಬ ಅವನ ವಾದವನ್ನು ತರ್ಕದಲ್ಲಿ ತಳ್ಳಿಹಾಕುವುದು ಸುಲಭವಲ್ಲ. ಅವನಿಗೇ ಅದು ಸಾಲಲಿಲ್ಲ, ಅಷ್ಟೆ.

ತಪ್ಪೊಪ್ಪಿಗೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ಪೊಲೀಸರ ಗೂಢಚಾರನಾಗಿ ಜಿನೀವಾಕ್ಕೆ ಬಂದ ಅವನನ್ನು, ಹಾಲ್ಡಿನ್‌ನ ಗೆಳೆಯನೆಂದು ನಂಬಿ, ಅಲ್ಲಿನ ದೇಶಭ್ರಷ್ಟರು ವೀರನಂತೆ ಬರಮಾಡಿಕೊಂಡಿದ್ದರು. ಅಷ್ಟರಲ್ಲಿ ಜೀಮಿಯಾನಿಚ್ ನೇಣು ಹಾಕಿಕೊಂಡ ಸುದ್ದಿ ಬಂದು, ಸುಳಿವು ಕೊಟ್ಟವನು ಅವನೇ ಇರಬೇಕೆಂದು ಕ್ರಾಂತಿಕಾರಿ ಸೋಫಿಯಾ ಆಂಟೊನೊವ್ನಾ ತೀರ್ಮಾನಿಸುತ್ತಾಳೆ. ರಝುಮೋವ್‌ನ ಮೇಲೆ ಇನ್ನು ಯಾರಿಗೂ ಸಂಶಯ ಬರುವಂತಿಲ್ಲ. ಆಗಲೇ ಅವನು ಹಾಲ್ಡಿನ್‌ನ ತಂಗಿ ನತಾಲಿಯಾಳಿಗೂ, ಬಳಿಕ ಕ್ರಾಂತಿಕಾರಿಗಳ ಸಭೆಗೂ ನಿಜ ಹೇಳಿಬಿಡುತ್ತಾನೆ. ಸಿಕ್ಕಿಬೀಳುವ ಭಯದಿಂದ ಹೊರಬಿದ್ದ ಮಾತು ಅದಲ್ಲವಾದ್ದರಿಂದಲೇ ಅದಕ್ಕೆ ಬೆಲೆ. ಆ ಸಭೆಯಲ್ಲಿ ಅವನ ಕಿವಿತಮಟೆಗಳನ್ನು ಒಡೆದುಹಾಕುವ ಕ್ರಾಂತಿಕಾರಿ ನಿಕಿತಾ ಸ್ವತಃ ಪೊಲೀಸರ ಕಡೆಯವನೆಂದು ಆಮೇಲೆ ತಿಳಿಯುವುದು ಕಾನ್ರಾಡ್‌ನ ಅತಿ ಕ್ರೂರ ವ್ಯಂಗ್ಯ.

ಪ್ರಶ್ನೆ: ಇದಕ್ಕೆ ನಿಜ ಘಟನೆಗಳ ಆಧಾರವಿದೆಯೆ?

ಉತ್ತರ: ಇದೆ. ರಷ್ಯಾದ ಒಳಾಡಳಿತ ಮಂತ್ರಿ ಪ್ಲೇವೆಯನ್ನು 1904ರ ಜುಲೈನಲ್ಲಿ ಪೀಟರ್ಸ್‌ಬರ್ಗಿನ ಬೀದಿಯಲ್ಲಿ ಯೆಗೋರ್ ಸಜೊನೊವ್ ಬಾಂಬೆಸೆದು ಕೊಂದನು. ಕಾದಂಬರಿಯ ಹತ್ಯೆಗೆ ಅದೇ ಮೂಲ. ಆ ಸಂಚನ್ನು ರೂಪಿಸಿದ ತಂಡದ ಮುಖ್ಯಸ್ಥ ಯೆವ್ನೊ ಆಜೆಫ್ ವರ್ಷಗಳಿಂದಲೂ ಗುಪ್ತ ಪೊಲೀಸರ ಸಂಬಳ ಪಡೆಯುತ್ತಿದ್ದನು. 1908ರಲ್ಲಿ ಕ್ರಾಂತಿಕಾರಿ ಪತ್ರಕರ್ತ ವ್ಲಾದಿಮಿರ್ ಬೂರ್ತ್ಸೆವ್ ಇದನ್ನು ಬಯಲಿಗೆಳೆದಾಗ ಕಾನ್ರಾಡ್ ಇನ್ನೂ ಕಾದಂಬರಿ ಬರೆಯುತ್ತಲೇ ಇದ್ದನು. ಅದು ಪ್ರಕಟವಾದದ್ದು 1911ರಲ್ಲಿ. ನಿಕಿತಾನಲ್ಲಿ ಆಜೆಫ್‌ನ ನೆರಳು ಸ್ಪಷ್ಟವಾಗಿದೆ.

ಪ್ರಶ್ನೆ: ಕಥೆ ಹೇಳಲು ಇಂಗ್ಲಿಷ್ ಮೇಷ್ಟರೊಬ್ಬರು ಏಕೆ ಬೇಕಿತ್ತು?

ಉತ್ತರ: ಕಾನ್ರಾಡ್‌ಗೆ ತನ್ನ ಸಿಟ್ಟಿನಿಂದ ದೂರ ನಿಲ್ಲಬೇಕಿತ್ತು ಎನ್ನಿಸುತ್ತದೆ. ಅವನ ತಂದೆಯನ್ನು, ಪೋಲೆಂಡಿನ ಸ್ವಾತಂತ್ರ್ಯಕ್ಕಾಗಿ ದುಡಿದ ಅಪರಾಧಕ್ಕೆ, ರಷ್ಯಾ ಸರ್ಕಾರ 1862ರಲ್ಲಿ ಕುಟುಂಬ ಸಮೇತ ವೊಲೊಗ್ದಾಕ್ಕೆ ಗಡೀಪಾರು ಮಾಡಿತ್ತು. 1865ರಲ್ಲಿ ತಾಯಿಯೂ 1869ರಲ್ಲಿ ತಂದೆಯೂ ತೀರಿಕೊಂಡರು. ಆ ಹಿನ್ನೆಲೆಯವನು ನಿರಂಕುಶ ಪ್ರಭುತ್ವವನ್ನು ತೆಗಳುವುದರಲ್ಲಿ ಆಶ್ಚರ್ಯವಿಲ್ಲ. ದೇಶಭ್ರಷ್ಟ ಕ್ರಾಂತಿಕಾರಿಗಳನ್ನೂ ಅವನು ಬಿಡಲಿಲ್ಲ ಎಂಬುದು ಹೆಚ್ಚಿನದು. ಸ್ತ್ರೀಯರ ಉದ್ಧಾರದ ಬಗ್ಗೆ ಪುಟಗಟ್ಟಲೆ ಬರೆಯುವ ಪೀಟರ್ ಇವಾನೊವಿಚ್, ಆ ಪುಟಗಳನ್ನು ಬರೆದುಕೊಳ್ಳುವ ತೆಕ್ಲಾಳನ್ನು ನಡೆಸಿಕೊಳ್ಳುವ ರೀತಿಯನ್ನೇ ನೋಡಿ. ಮೇಷ್ಟರು ಮಾತ್ರ ತಮಗೆ ರಷ್ಯನ್ನರು ಅರ್ಥವಾಗುವುದಿಲ್ಲವೆಂದು ಪದೇ ಪದೇ ಹೇಳಿ ಕೆಲವೆಡೆ ಬೇಸರ ತರಿಸುತ್ತಾರೆ. ಆ ತೆಕ್ಲಾಳೇ, ಕಿವುಡನಾಗಿ ಟ್ರಾಮಿನ ಕೆಳಗೆ ಸಿಕ್ಕಿ ಊನನಾದ ರಝುಮೋವ್‌ನನ್ನು ಕೊನೆಯಲ್ಲಿ ನೋಡಿಕೊಳ್ಳುತ್ತಾಳೆ.