ಎಲೆಕ್ಟ್ರಿಕ್ ಕಾರಿನ ಟೈರು ಬದಲಿಸುವ ಮುಂಚೆ ಅಂಗೈ ಇಟ್ಟು ನೋಡಿ

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಕಾರು ಎರಡು ವರ್ಷದಲ್ಲಿ 42,000 ಕಿ.ಮೀ. ಓಡಿದೆ. ದಿನಾ ಮುಧೋಳದಿಂದ ಬಾಗಲಕೋಟೆಗೆ ಶಾಲೆಗೆ ಹೋಗಿ ಬರುತ್ತೇನೆ. ಮುಂದಿನ ಎರಡು ಟೈರು ಸವೆದಿವೆ. ಸ್ಪೀಡು 60 ದಾಟಿದರೆ ಗುಂಯ್ ಎಂದು ಸದ್ದು. ಅಂಗಡಿಯವರು ಸ್ವಲ್ಪ ಅಗಲದ ಟೈರು ಹಾಕಿಸಿ ಅಂತಾರೆ. ಜೊತೆಯ ಶಿಕ್ಷಕರು ‘ಇವಿ’ ಎಂದು ಬರೆದಿರುವ ಟೈರೇ ಬೇಕು ಅಂತಾರೆ. ನನಗೆ ಸದ್ದು ಕಡಿಮೆ ಇರಬೇಕು, ಚಾರ್ಜೂ ಉಳಿಯಬೇಕು. ಯಾವುದು ಹಾಕಿಸಲಿ?
— ಒಬ್ಬ ಶಿಕ್ಷಕಿ, ಮುಧೋಳ

ಉತ್ತರ: ಮೇಡಂ, ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಗಾಡಿ ನಿಲ್ಲಿಸಿ, ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ತಂತಿ, ಮೊಳೆ ಚುಚ್ಚಿಕೊಂಡಿಲ್ಲ ಅಂತ ನೋಡಿಕೊಂಡು ಮುಂದಿನ ಟೈರಿನ ಮೇಲೆ ಅಂಗೈ ಇಡಿ. ಮೆಲ್ಲಗೆ ಮೇಲಿನಿಂದ ಕೆಳಕ್ಕೆ ಸವರಿ. ಆಮೇಲೆ ಕೆಳಗಿನಿಂದ ಮೇಲಕ್ಕೆ. ಒಂದು ಕಡೆಗೆ ಕೈ ನುಣ್ಣಗೆ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಬೆರಳಿಗೆ ತಡೆಯುತ್ತದಾ? ಹಾಗಿದ್ದರೆ ನಿಮ್ಮ ಗುಂಯ್ ಸದ್ದು ಬರುತ್ತಿರುವುದು ಅಲ್ಲಿಂದಲೇ. ಟೈರಿನ ಕಂಪನಿ ಕೆಟ್ಟದ್ದು ಅಂತಲ್ಲ. ಅಲೈನ್‌ಮೆಂಟ್, ಅಂದರೆ ಗಾಲಿಗಳು ನೇರ ನಿಲ್ಲುವ ಕೋನ, ತಪ್ಪಿದೆ, ಇಲ್ಲವೇ ಟೈರುಗಳನ್ನು ಹಿಂದೆ-ಮುಂದೆ ಬದಲಿಸದೆ ಓಡಿಸಿದ್ದೀರಿ.

ನವನಗರದಲ್ಲಿ 27 ವರ್ಷ ಅಲೈನ್‌ಮೆಂಟ್ ಕೆಲಸ ಮಾಡಿದ್ದೇನೆ. ಸದ್ದು ಅಂತ ಬಂದ ಗಾಡಿಗೆ ಮಶೀನು ಹಚ್ಚುವ ಮುಂಚೆ ಹೀಗೆ ಕೈ ಆಡಿಸಿ ನೋಡುವುದು ನನ್ನ ರೂಢಿ. ಪೆಟ್ರೋಲು, ಡೀಸೆಲ್ ಗಾಡಿಗಳಲ್ಲಿ ಈ ಸದ್ದು ಎಂಜಿನ್ನಿನ ಸದ್ದಿನಲ್ಲಿ ಮುಚ್ಚಿ ಹೋಗುತ್ತಿತ್ತು. ನಿಮ್ಮ ಗಾಡಿಯಲ್ಲಿ ಮುಚ್ಚಲು ಏನೂ ಇಲ್ಲ. ಮೋಟರು ಸುಮ್ನೆ ಇರುತ್ತದೆ, ಟೈರೇ ಮಾತಾಡುತ್ತದೆ.

ಕೈಗೆ ಗರಗಸ ತಾಗದಿದ್ದರೆ ಗಾಲಿ ಸಲೀಸಾಗಿ ತಿರುಗಲು ಇರುವ ಬೇರಿಂಗ್ ಮೇಲೆ ಸಂಶಯ ಪಡಬೇಕು. ಡಾಂಬರಿನಿಂದ ಸಿಮೆಂಟ್ ರಸ್ತೆಗೆ ಬಂದಾಗ ಸದ್ದಿನ ದನಿ ಬದಲಾದರೆ ಅದು ಟೈರು. ರಸ್ತೆ ಬದಲಾದರೂ ದನಿ ಅದೇ ಇದ್ದು, ಉದ್ದನೆಯ ತಿರುವಿನಲ್ಲಿ ಮಾತ್ರ ಹೆಚ್ಚು-ಕಡಿಮೆ ಆದರೆ ಬೇರಿಂಗ್. ಬೇರಿಂಗ್ ಹೋಗಿರುವ ಗಾಡಿಗೆ ಎಂಥ ಟೈರು ಹಾಕಿಸಿದರೂ ಸದ್ದು ನಿಲ್ಲುವುದಿಲ್ಲ.

ಈಗ ಅಗಲದ ವಿಷಯ. ಬೇಡ. ಕಂಪನಿ ಕೊಟ್ಟ ಅಳತೆಯನ್ನೇ ಹಾಕಿಸಿ. ಅಗಲ ಜಾಸ್ತಿಯಾದರೆ ಸಾಮಾನ್ಯವಾಗಿ ಗಾಳಿಯ ತಡೆ ಜಾಸ್ತಿ, ಸದ್ದೂ ಜಾಸ್ತಿ. ನೀವು ಕೇಳಿದ್ದು ಎರಡಕ್ಕೂ ಉಲ್ಟಾ ಅಲ್ವಾ?

ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಿ. ಉದಾಹರಣೆಗೆ 215/60 ಆರ್16 95ಎಚ್ ಅಂತ ಇದ್ದರೆ, ಅಗಲ 215 ಮಿ.ಮೀ., ಗೋಡೆಯ ಎತ್ತರ ಆ ಅಗಲದ ಶೇ 60, ಒಳಗಿನ ಡಿಸ್ಕ್ 16 ಇಂಚು. ಜನ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಆದರೆ ಎಲೆಕ್ಟ್ರಿಕ್ ಕಾರಿಗೆ ಮುಖ್ಯವಾದ ನಂಬರು ಆಮೇಲೆ ಬರುವ 95. ಅದು ಒಂದು ಟೈರು ಹೊರುವ ಭಾರ. 95 ಅಂದರೆ 690 ಕೆ.ಜಿ., 91 ಅಂದರೆ 615 ಕೆ.ಜಿ. ಕೊನೆಯ ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಡೆಯುತ್ತದೆ ಎಂದು. ಬ್ಯಾಟರಿಯಿಂದಾಗಿ ನಿಮ್ಮ ಗಾಡಿ ಅದೇ ಗಾತ್ರದ ಪೆಟ್ರೋಲ್ ಗಾಡಿಗಿಂತ ನೂರಾರು ಕೆ.ಜಿ. ಜಾಸ್ತಿ ತೂಗುತ್ತದೆ. ಹಾಗಾಗಿ ಭಾರದ ನಂಬರು ಹಳೆಯದಕ್ಕಿಂತ ಒಂದು ಅಂಕಿಯೂ ಕೆಳಗೆ ಇಳಿಯಬಾರದು. ಮೇಲಿದ್ದರೆ ಪರವಾಗಿಲ್ಲ. ಅಂಗಡಿಯವರು ‘ಸೈಜ್ ಅದೇ ಇದೆ’ ಅಂದರೂ ಈ ನಂಬರು ನೀವೇ ಬಗ್ಗಿ ಓದಿ. ಪಕ್ಕದಲ್ಲೇ ನಾಲ್ಕು ಅಂಕಿಯ ತಯಾರಿಕೆ ಗುರುತು ಇರುತ್ತದೆ. 2325 ಅಂದರೆ 2025ರ 23ನೇ ವಾರ. ಗೋಡೌನಿನಲ್ಲಿ ಎರಡು-ಮೂರು ವರ್ಷ ಕೂತ ಟೈರಿಗೆ ಹೊಸ ಟೈರಿನ ಬೆಲೆ ಕೊಡಬೇಡಿ.

ಇನ್ನು ಚಾರ್ಜಿನ ಮಾತು. ರೊಟ್ಟಿಗೆ ಹಿಟ್ಟು ನಾದುವಾಗ ತೋಳಿಗೆ ದಣಿವಾಗುತ್ತದೆ ಅಲ್ವಾ? ಟೈರಿನದೂ ಅದೇ ಕಥೆ. ಉರುಳುವಾಗ ಪ್ರತಿ ಸುತ್ತಿಗೂ ರಬ್ಬರು ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಮತ್ತೆ ಮೇಲೇಳುತ್ತದೆ. ಒತ್ತಲು ಕೊಟ್ಟ ಶಕ್ತಿ ಪೂರ್ತಿ ವಾಪಸು ಬರುವುದಿಲ್ಲ, ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಸಂಜೆ ಮನೆಗೆ ಬಂದ ಕೂಡಲೇ ಟೈರು ಮುಟ್ಟಿ ನೋಡಿ. ಆ ಬೆಚ್ಚಗಿರುವುದು ನಿಮ್ಮ ಬ್ಯಾಟರಿಯ ಚಾರ್ಜು. ಸಿಲಿಕಾ ಬೆರೆಸಿದ ಒಳ್ಳೆಯ ರಬ್ಬರು ಕಡಿಮೆ ಬಿಸಿಯಾಗುತ್ತದೆ.

ಇದರಿಂದ ಎಷ್ಟು ಉಳಿಯುತ್ತದೆ? ಲೆಕ್ಕ ಹಾಕೋಣ. ಲೆಕ್ಕ ಸುಲಭವಾಗಲಿ, ನೀವು ತಿಂಗಳಿಗೆ ಹೆಚ್ಚು-ಕಡಿಮೆ 2,000 ಕಿ.ಮೀ. ಓಡಿಸುತ್ತೀರಿ, 100 ಕಿ.ಮೀ.ಗೆ 14 ಯೂನಿಟ್ ಅಂದುಕೊಳ್ಳಿ. ಒಟ್ಟು 280 ಯೂನಿಟ್. ಹಗುರಾಗಿ ಉರುಳುವ ಟೈರಿನಿಂದ ಶೇ 5 ಉಳಿದರೆ 14 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ತಿಂಗಳಿಗೆ 98 ರೂಪಾಯಿ. ಫುಲ್ ಚಾರ್ಜಿಗೆ 220 ಕಿ.ಮೀ. ಹೋಗುವ ಗಾಡಿ 231 ಹೋಗುತ್ತದೆ. ಒಳ್ಳೆಯದೇ. ಆದರೆ ಹಗುರಾಗಿ ಉರುಳುವ ಟೈರು ಕೆಲವೊಮ್ಮೆ ಒದ್ದೆಯಲ್ಲಿ ಜಾರುತ್ತದೆ. ಈ 98 ರೂಪಾಯಿಗಾಗಿ ಒದ್ದೆ ರಸ್ತೆಯ ಹಿಡಿತ ಬಿಟ್ಟುಕೊಡಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ನಿಮ್ಮ ದಾರಿ ನನಗೆ ಗೊತ್ತು. ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಹೊಲದ ಎರೆಮಣ್ಣನ್ನು ಗಾಲಿಯಲ್ಲಿ ಹೊತ್ತು ರಸ್ತೆಗೆ ತರುತ್ತವೆ. ಒಣಗಿದ್ದಾಗ ಅದು ಬರೀ ಧೂಳು. ಅಕಾಲದ ಒಂದು ಮಳೆ ಬಿದ್ದರೆ ಅದೇ ಮಣ್ಣು ಡಾಂಬರಿನ ಮೇಲೆ ಸೋಪಿನ ಹಾಗೆ ಕೂರುತ್ತದೆ. ನಮ್ಮ ಕಡೆ ಮಳೆ ಕಡಿಮೆ, ಒದ್ದೆ ಹಿಡಿತ ಯಾಕೆ ಬೇಕು ಅನ್ನುವವರಿಗೆ ನಾನು ಈ ಮಣ್ಣನ್ನೇ ತೋರಿಸುತ್ತೇನೆ.

ಟೈರಿನ ಮೇಲೆ ‘ಇವಿ’ ಅಂತ ಇರಲೇಬೇಕಾ? ಕಡ್ಡಾಯವೇನಲ್ಲ. ಅಪೊಲೊದವರ ಆಂಪೀರಿಯನ್, ಸಿಯೆಟ್‌ನವರ ಎನರ್ಜಿಡ್ರೈವ್ ಎಲೆಕ್ಟ್ರಿಕ್ ಕಾರಿಗೆಂದೇ ಬಂದಿವೆ. ಮಿಶೆಲಿನ್ ಪ್ರೈಮಸಿ 4 ಎಸ್‌ಟಿ, ಕಾಂಟಿನೆಂಟಲ್ ಕಂಫರ್ಟ್‌ಕಾಂಟ್ಯಾಕ್ಟ್ ಸಿಸಿ6 ಸದ್ದು ಕಡಿಮೆ ಇರಲಿ ಎಂದು ಮಾಡಿದವು, ‘ಇವಿ’ ಹೆಸರಿಲ್ಲ. ನಿಮ್ಮ ಅಳತೆಯಲ್ಲಿ, ನಿಮ್ಮ ಭಾರದ ನಂಬರಿನಲ್ಲಿ, ಹೊಸ ತಾರೀಖಿನಲ್ಲಿ ಇವುಗಳಲ್ಲಿ ಯಾವುದು ಸಿಗುತ್ತದೋ ಅದನ್ನು ತಗೊಳ್ಳಿ. ಫ್ರಿಜ್ಜಿಗೆ ಇರುವಂತೆ ಟೈರಿಗೂ ಬಿಇಇ ಸ್ಟಾರ್ ಲೇಬಲ್ ಬಂದಿದೆ. ಆದರೆ ಆ ಸ್ಟಾರು ಇಂಧನ ಉಳಿತಾಯದ್ದು, ಸದ್ದಿನದ್ದಲ್ಲ. ಯುರೋಪಿನ ಲೇಬಲ್ಲಿನಲ್ಲಿ ಡೆಸಿಬೆಲ್ ಇರುತ್ತದೆ, ಅದನ್ನು ಅಳೆಯುವುದು ರಸ್ತೆ ಪಕ್ಕದಲ್ಲಿ ನಿಂತವರಿಗೆ ಕೇಳುವ ಸದ್ದು ಎಷ್ಟು ಎಂದು. ಕಾರಿನ ಒಳಗೆ ಎಷ್ಟು ಕೇಳುತ್ತದೆ ಅಂತ ಅದು ಹೇಳುವುದಿಲ್ಲ. ಹಾಗಾಗಿ ನಿಮ್ಮದೇ ಮಾಡೆಲ್ ಗಾಡಿಗೆ ಆ ಟೈರು ಹಾಕಿಸಿದವರು ಸಿಕ್ಕರೆ ಹತ್ತು ಕಿ.ಮೀ. ಜೊತೆಗೆ ಕೂತು ಬನ್ನಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಎರಡೇ ಟೈರು ಕೊಳ್ಳುವುದಾದರೆ ಹೊಸದನ್ನು ಹಿಂದೆ ಹಾಕಿಸಿ, ಹಿಂದಿನದನ್ನು ಮುಂದೆ ತನ್ನಿ. ಎಲ್ಲರೂ ಇದಕ್ಕೆ ಉಲ್ಟಾ ಮಾಡುತ್ತಾರೆ. ಮುಂದಿನ ಗಾಲಿ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸಂಭಾಳಿಸಬಹುದು. ಹಿಂದಿನ ಗಾಲಿ ಜಾರಿದರೆ ಗಾಡಿ ಗಿರ್ರನೆ ತಿರುಗಿಬಿಡುತ್ತದೆ. ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ಆಮೇಲೆ 8,000 ಕಿ.ಮೀ.ಗೊಮ್ಮೆ ಹಿಂದೆ-ಮುಂದೆ ಬದಲಿಸಿ. ಇಲ್ಲದಿದ್ದರೆ ಹೊಸ ಟೈರಿಗೂ ಅದೇ ಗರಗಸದ ಹಲ್ಲು ಬರುತ್ತದೆ.

ಪ್ರಶ್ನೆ: ಜುಲೈನಲ್ಲಿ ನಾಲ್ಕೂ ಟೈರು ಹೊಸದು ಹಾಕಿಸಿದೆ, ಅಳತೆ 215/60 ಆರ್16. ಮುಂಚೆ ಫುಲ್ ಚಾರ್ಜಿಗೆ 230 ಕಿ.ಮೀ. ಬರುತ್ತಿತ್ತು, ಈಗ 212. ಕೆಟ್ಟ ಟೈರು ಕೊಟ್ಟು ಮೋಸ ಮಾಡಿದರಾ?
— ಒಬ್ಬ ಓದುಗರು, ಬೆಳಗಾವಿ

ಉತ್ತರ: ಇಷ್ಟಕ್ಕೇ ಮೋಸ ಅನ್ನಲಾಗದು. ಹೊಸ ಟೈರಿನ ಎತ್ತರ 664 ಮಿ.ಮೀ. ಗ್ರಿಪ್ಪು 6 ಮಿ.ಮೀ. ಸವೆದರೆ ಎತ್ತರ 652ಕ್ಕೆ ಇಳಿಯುತ್ತದೆ. ಗಾಡಿ ಕಿ.ಮೀ. ಎಣಿಸುವುದು ಗಾಲಿಯ ಸುತ್ತಿನ ಮೇಲೆ. ಚಿಕ್ಕ ಗಾಲಿ ಅದೇ ದೂರಕ್ಕೆ ಜಾಸ್ತಿ ಸುತ್ತು ಹಾಕುತ್ತದೆ, ಮೀಟರು ಜಾಸ್ತಿ ತೋರಿಸುತ್ತದೆ. ಅಂದರೆ ನಿಮ್ಮ ಹಳೆಯ 230ರಲ್ಲಿ ಸುಮಾರು 4 ಕಿ.ಮೀ. ನೀವು ಓಡಿಸಿಯೇ ಇರಲಿಲ್ಲ.

ಉಳಿದದ್ದರಲ್ಲಿ ದೊಡ್ಡ ಪಾಲು ರಬ್ಬರಿನದು. ಸವೆದ ಟೈರಿನಲ್ಲಿ ಬಾಗುವ ರಬ್ಬರೇ ಕಡಿಮೆ, ಅದು ಹಗುರಾಗಿ ಉರುಳುತ್ತದೆ. ನೀವು ಹೊಸ ಟೈರನ್ನು ಹೋಲಿಸುತ್ತಿರುವುದು ಅದರ ಜೊತೆ. ಹೋಲಿಸುವುದಾದರೆ ಕಾರು ಹೊಸದಿದ್ದಾಗ ಎಷ್ಟು ಬರುತ್ತಿತ್ತು ಅನ್ನುವುದರ ಜೊತೆ ಹೋಲಿಸಿ. ಮೇಲಾಗಿ ಜುಲೈ ಅಂದರೆ ನಿಮ್ಮ ಬೆಳಗಾವಿಯಲ್ಲಿ ದಿನವಿಡೀ ಜಿಟಿಜಿಟಿ. ಒದ್ದೆ ರಸ್ತೆಯಲ್ಲಿ ಗಾಲಿ ನೀರನ್ನು ತಳ್ಳಿಕೊಂಡೇ ಹೋಗಬೇಕು, ಅದಕ್ಕೂ ಚಾರ್ಜು ಬೇಕು.

ಸಾವಿರ ಕಿ.ಮೀ. ಓಡಲಿ, ಒಣ ರಸ್ತೆಯಲ್ಲಿ ಮತ್ತೆ ನೋಡಿ. ಅಲ್ಲಿಯವರೆಗೆ ಗಾಳಿ ಸರಿ ಇಟ್ಟುಕೊಳ್ಳಿ. ಎಷ್ಟೋ ಅಂಗಡಿಗಳಲ್ಲಿ ಬಂದ ಗಾಡಿಗೆಲ್ಲ ಒಂದೇ ನಂಬರು ತುಂಬಿ ಕಳಿಸುತ್ತಾರೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕರ್ ಇದೆ, ಅದರಲ್ಲಿ ಇರುವುದೇ ನಿಮ್ಮ ನಂಬರು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರು ತಣ್ಣಗಿದ್ದಾಗ ಅಳೆಯಿರಿ. ಟೈರಿನೊಳಗೆ 5-6 ಡಿಗ್ರಿ ಬಿಸಿ ಏರಿದರೆ ಒತ್ತಡ ಒಂದು ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಓಡಿಸಿ ಬಂದು ಜಾಸ್ತಿ ತೋರಿಸಿತು ಅಂತ ಗಾಳಿ ಬಿಡಬೇಡಿ. ರಾತ್ರಿ ತಣ್ಣಗಾದಾಗ ಕಡಿಮೆಯಾಗುತ್ತದೆ, ಮರುದಿನ ಚಾರ್ಜು ಅಲ್ಲಿಂದಲೇ ಸೋರಲು ಶುರು.

ಪ್ರಶ್ನೆ: ಒಳಗೆ ಸ್ಪಂಜು ಅಂಟಿಸಿದ ಟೈರು ತುಂಬಾ ಸೈಲೆಂಟ್ ಅಂತ ಕೇಳಿದೆ. ಹಾಕಿಸಬಹುದಾ? ನನ್ನ ಓಡಾಟ ಹೆಚ್ಚಾಗಿ ಇಂಡಿ ಕಡೆಯ ಹಳ್ಳಿಗಳಿಗೆ.
— ಒಬ್ಬ ಓದುಗರು, ವಿಜಯಪುರ

ಉತ್ತರ: ಸ್ಪಂಜಿನ ಕೆಲಸ ಸುಳ್ಳಲ್ಲ. ಟೈರಿನ ಒಳಗಿನ ಗಾಳಿ ಖಾಲಿ ಡಬ್ಬಿಯ ಹಾಗೆ ಗುಂಯ್ಗುಡುತ್ತದೆ. ಸ್ಪಂಜು ಅದನ್ನು ಹೀರುತ್ತದೆ. ಆದರೆ ನಿಮ್ಮ ದಾರಿಯಲ್ಲಿ ಜಾಲಿ ಮುಳ್ಳು ಇದೆ. ಪಂಕ್ಚರ್ ಆದಾಗ ಒಳಗಿನಿಂದ ಪ್ಯಾಚ್ ಹಾಕಲು ಆ ಜಾಗದ ಸ್ಪಂಜು ಕತ್ತರಿಸಿ ತೆಗೆಯಬೇಕು. ಹಳ್ಳಿಯ ಅಂಗಡಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವುದಿಲ್ಲ. ಪಂಕ್ಚರ್ ತಾನಾಗಿ ಮುಚ್ಚಲಿ ಎಂದು ಟೈರಿನೊಳಗೆ ಸುರಿಯುವ ದ್ರವವನ್ನೂ ಸ್ಪಂಜು ಕುಡಿದುಬಿಡುತ್ತದೆ. ಹೆದ್ದಾರಿಯಲ್ಲೇ ಸೊಲ್ಲಾಪುರಕ್ಕೆ ಓಡಾಡುವವರಾದರೆ ಹಾಕಿಸಿ ಅನ್ನುತ್ತಿದ್ದೆ. ನಿಮಗೆ ಬೇಡ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಹೋದ ವರ್ಷ ನನ್ನ ಕಾರಿನ ಪಂಕ್ಚರ್‌ಗೆ ದಾರಿಯಲ್ಲಿ ಒಂದು ಅಂಗಡಿಗೆ ಹೋಗಿದ್ದೆ. ನಾನು ಚಹಾ ತರಲು ಹೋದೆ. ಬರುವಷ್ಟರಲ್ಲಿ ಹುಡುಗ ಜಾಕನ್ನು ಗಾಡಿಯ ನಡುಭಾಗಕ್ಕೆ ಹಚ್ಚಿ ಎತ್ತುತ್ತಿದ್ದ. ಅಲ್ಲಿರುವುದು ಬ್ಯಾಟರಿ. ಕೂಗಿದೆ, ನಿಲ್ಲಿಸಿದ. ಕೆಳಗಿನ ತಗಡಿನಲ್ಲಿ ಬಟ್ಟಲಿನಷ್ಟು ತಗ್ಗು ಬಿದ್ದಿತ್ತು. ಬ್ಯಾಟರಿಗೆ ಪೆಟ್ಟಾಗಿರಲಿಲ್ಲ, ಆದರೆ ಸರ್ವಿಸ್‌ನವರು ನೋಡಿ ಹೇಳುವವರೆಗೆ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗನ ತಪ್ಪಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ. ಬಾಗಿಲುಗಳ ಕೆಳಗಿನ ಅಂಚಿನಲ್ಲಿ, ಗಾಲಿಗಳ ಹತ್ತಿರ ಜಾಕ್ ಹಚ್ಚುವ ಜಾಗಕ್ಕೆ ಗುರುತು ಇರುತ್ತದೆ, ಗಾಡಿಯ ಪುಸ್ತಕದಲ್ಲಿ ಚಿತ್ರವೂ ಇದೆ. ಆ ನಾಲ್ಕು ಜಾಗಕ್ಕೆ ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಳ್ಳಿ. ಗಾಡಿ ಎತ್ತುವ ಮುಂಚೆ ನೀವೇ ಬಗ್ಗಿ, ಬೆರಳಿಟ್ಟು ತೋರಿಸಿ.