ಕುಮಟಾದ ಹಿತ್ತಲಲ್ಲಿ ಪಟಿಂಗ್ ಗ್ರೀನ್ ಮಾಡಲು ಯಾವ ಹುಲ್ಲು ಹಾಕಬೇಕು?

ಪಟಿಂಗ್ ಗ್ರೀನ್ ಎಂದರೆ ಗಾಲ್ಫ್ ಚೆಂಡನ್ನು ತೂತಿಗೆ ಉರುಳಿಸಲು ಹುಲ್ಲನ್ನು ತೀರಾ ಗಿಡ್ಡ ಕತ್ತರಿಸಿದ ನೆಲ. ಜಾಗ 20×25 ಅಡಿ, ಕೆಂಪು ಮಣ್ಣಿನ ಮೇಲೆ ಹಾಕಿದ್ದ ಹುಲ್ಲು ಜುಲೈಯಲ್ಲಿ ಪಾಚಿಗಟ್ಟಿ ಕೊಳೆಯಿತು, ಈ ಸಲ ಬೇರೆ ಯಾವ ಹುಲ್ಲು ಹಾಕಲಿ ಎಂದು ಕೇಳಿದ್ದೀರಿ. ಬರೀ ಹುಲ್ಲು ಬದಲಿಸಿದರೆ ಮುಂದಿನ ಜುಲೈಯಲ್ಲೂ ಇದೇ ಕತೆ. ವರ್ಷಕ್ಕೆ 3000 ಮಿ.ಮೀ. ಮೀರುವ ಮಳೆ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ ಸುರಿಯುವ ನಮ್ಮ ಕರಾವಳಿಯಲ್ಲಿ ಗ್ರೀನ್ ಉಳಿಸುವುದು ಅಡಿಯ ಮರಳು ಮತ್ತು ಬಸಿಯುವ ವ್ಯವಸ್ಥೆ. ಅಡಿಕೆ ತೋಟಕ್ಕೆ ಬಸಿಗಾಲುವೆ ಹೇಗೋ ಇದಕ್ಕೂ ಹಾಗೇ.

ಮೊದಲು ಜುಲೈಯಲ್ಲಿ ನಿಮ್ಮ ಬಾವಿ ನೀರು ಎಲ್ಲಿವರೆಗೆ ಏರುತ್ತದೆ ನೋಡಿ. ಅಗೆತ 16 ಇಂಚು, ಅದರಡಿ ಪೈಪಿನ ಕಾಲುವೆ 8 ಇಂಚು, ಒಟ್ಟು 2 ಅಡಿ. ನೀರು ನೆಲಮಟ್ಟದಿಂದ 3 ಅಡಿಯೊಳಗೆ ಬರುವುದಾದರೆ ಅಗೆಯಲೇಬೇಡಿ, ಪೈಪಿನಲ್ಲಿ ನೀರು ಹೊರಗೆ ಹೋಗುವ ಬದಲು ಒಳಗೇ ಬರುತ್ತದೆ. ಸುತ್ತ ಚಿರೆಕಲ್ಲು ಕಟ್ಟಿ ಗ್ರೀನನ್ನೇ ಮೇಲೆತ್ತಿ. ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಗದ್ದೆ ಬಯಲಿನ ಪಕ್ಕದ ಮನೆಗಳಿಗೆ ಇದೊಂದೇ ದಾರಿ.

ಅಗೆಯುವಾಗ ಜೇಕು ಕಳೆಯ ಗಡ್ಡೆ ಒಂದೂ ಉಳಿಯದಂತೆ ಮೇಲ್ಮಣ್ಣು ಹೊರಹಾಕಿ. ಮೇಲೆ ಎಂಥ ಇಳಿಜಾರು ಬೇಕೋ ಅದೇ ಇಳಿಜಾರು ತಳದಲ್ಲೂ ಇರಲಿ: 10 ಅಡಿಗೆ ಸುಮಾರು ಎರಡೂವರೆ ಇಂಚು ಸಾಕು. ತಳ ಸಪಾಟಾಗಿಟ್ಟು ಮರಳಿನಲ್ಲೇ ಏರಿಳಿತ ಮಾಡಿದರೆ ಮರಳು ತೆಳುವಾದಲ್ಲಿ ಸದಾ ಹಸಿ, ದಪ್ಪವಾದಲ್ಲಿ ಸದಾ ಒಣಗು. ಮರಳಿನ ಪದರದ ತಳಭಾಗ ಪೂರ್ತಿ ನೆನೆದ ಮೇಲಷ್ಟೇ ನೀರು ಜಲ್ಲಿಗೆ ಇಳಿಯುವುದರಿಂದ ಹೀಗಾಗುತ್ತದೆ.

4 ಇಂಚಿನ ತೂತಿನ ಪೈಪು, ತೂತು ಕೆಳಮುಖ, 8 ಅಡಿಗೆ ಒಂದು ಇಂಚು ಇಳಿತ. ಸಾಲುಗಳ ನಡುವೆ 15 ಅಡಿ ಮೀರಬಾರದು, ನಿಮಗೆ ಎರಡು ಸಾಲು ಸಾಕು. ಪೈಪಿನ ಬಾಯಿಗೆ ಜಾಲರಿ ಕಟ್ಟಿ, ಇಲಿ ಏಡಿ ಹೊಗುತ್ತವೆ. ಮೇಲೆ 6ರಿಂದ 9 ಮಿ.ಮೀ.ನ ತೊಳೆದ ಜಲ್ಲಿ 4 ಇಂಚು; ಕಾಲುವೆಗೂ ಸೇರಿ 200 ಘನ ಅಡಿ ಬೇಕು. ದಪ್ಪ ಜಲ್ಲಿ ಹಾಕಿದರೆ ಮರಳು ಸಂದಿನಲ್ಲಿ ಇಳಿದು ಪೈಪು ಕಟ್ಟಿಕೊಳ್ಳುತ್ತದೆ. ಜಲ್ಲಿಯ ಮೇಲೆ ಬಟ್ಟೆ ಹಾಸುವವರಿದ್ದಾರೆ, ಬೇಡ. ಸಣ್ಣ ಕಣ ಸೇರಿ ಅದೂ ಮುಚ್ಚಿಹೋಗುತ್ತದೆ.

ಮರಳು 12 ಇಂಚು. ನೆನೆಸಿ ತುಳಿದಾಗ ಕೂರುವುದರಿಂದ 500 ಅಲ್ಲ, 600 ಘನ ಅಡಿ ತರಿಸಿ. ದುಡ್ಡು ಖರ್ಚಾಗುವುದೂ ಕೆಲಸ ಕೆಡುವುದೂ ಇಲ್ಲೇ, ಆದ್ದರಿಂದ ಲಾರಿ ಇಳಿಸುವ ಮೊದಲೇ ಪರೀಕ್ಷೆ ಮಾಡಿ. ಅರ್ಧ ಬಾಟಲಿ ಮರಳಿಗೆ ನೀರು ತುಂಬಿ ಚೆನ್ನಾಗಿ ಕುಲುಕಿ ಒಂದು ರಾತ್ರಿ ಇಡಿ. ಮರಳಿನ ಮೇಲೆ ಕೆಸರಿನ ಪದರ ದಪ್ಪಗೆ ಕೂತರೆ ಆ ಲೋಡು ವಾಪಸ್ ಕಳಿಸಿ. ಬಹುಪಾಲು ಕಣ ಕಾಲು ಮಿ.ಮೀ.ನಿಂದ 1 ಮಿ.ಮೀ. ನಡುವೆ ಇರಬೇಕು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಹಾಕುವುದಾದರೆ ತೊಳೆದದ್ದೇ ಬೇಕು, ಅದರ ಧೂಳು ಗಾರೆಯಂತೆ ಗಟ್ಟಿಯಾಗುತ್ತದೆ. ಕಡಲ ಮರಳು ಬೇಡ. ಚಿಪ್ಪಿನ ಚೂರು ಸೇರಿದೆಯೇ ಎಂದು ನೋಡಲು ವಿನೆಗರ್ ಹನಿಸಿ, ನೊರೆ ಬಂದರೆ ಸುಣ್ಣವಿದೆ. ಅಂಥದ್ದರಲ್ಲಿ ಹುಲ್ಲಿಗೆ ಕಬ್ಬಿಣಾಂಶ ಸಿಗದೆ ಹಳದಿಯಾಗುತ್ತದೆ. ಕೊಟ್ಟಿಗೆ ಗೊಬ್ಬರ ಬೆರೆಸಬೇಡಿ, ಕಳೆ ಬೀಜವೂ ಬರುತ್ತದೆ, ನೀರೂ ಬಸಿಯುವುದಿಲ್ಲ. ಉಪ್ಪು ಹೋಗುವಂತೆ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹತ್ತರಲ್ಲಿ ಒಂದು ಪಾಲು ಸಾಕು.

ಇನ್ನು ಹುಲ್ಲು. ತಂಪು ದೇಶದ ಗ್ರೀನ್‌ಗಳಲ್ಲಿ ಹಾಕುವ ಬೆಂಟ್ ಹುಲ್ಲು ನಮ್ಮ ಸೆಕೆಗೆ ನಿಲ್ಲದು. ಟಿಫ್‌ಡ್ವಾರ್ಫ್ ಬರ್ಮುಡಾ (ಗಿಡ್ಡ ಗರಿಕೆಯ ತಳಿ) ಒಳ್ಳೆಯದೇ, ಆದರೆ ಮಳೆಗಾಲದ ಮೋಡದಲ್ಲಿ ಸೊರಗುತ್ತದೆ. ಏಪ್ರಿಲ್‌ನಲ್ಲಿ ಬಾವಿ ನೀರು ಸವುಳಾಗುವ ಮನೆಗಾದರೆ ನಾನು ಸೀಶೋರ್ ಪಾಸ್ಪಲಮ್ ಅನ್ನೇ ಹೇಳುತ್ತೇನೆ, ಅದು ಉಪ್ಪು ತಡೆಯುತ್ತದೆ. ಎರಡಕ್ಕೂ ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೇಕು. ತೆಂಗಿನ ನೆರಳು ಜಾಸ್ತಿಯಿದ್ದರೆ ಕೃತಕ ಹುಲ್ಲೇ ಸರಿ. ದೀಪಾವಳಿ ಮುಗಿದ ಮೇಲೆ ಅಗೆದು, ಜನವರಿಯಲ್ಲಿ ತುಂಡು ನೆಟ್ಟರೆ ಮೇ ಒಳಗೆ ನೆಲ ಮುಚ್ಚುತ್ತದೆ. ತಡವಾದರೆ ಮೊದಲ ಮಳೆಗೇ ಮರಳು ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಸುಮಾರು 230 ಲೀಟರ್ ನೀರು.

ಕತ್ತರಿಸಲು ಸಿಲಿಂಡರ್‌ನಂತೆ ಸುತ್ತುವ ರೀಲ್ ಮೋವರ್ ಬೇಕೇ ಬೇಕು. 12 ಮಿ.ಮೀ.ನಿಂದ ಶುರುಮಾಡಿ ನಿಧಾನಕ್ಕೆ 5ಕ್ಕೆ ಇಳಿಸಿ, ಒಂದು ಸಲಕ್ಕೆ ಮೂರನೇ ಒಂದಕ್ಕಿಂತ ಹೆಚ್ಚು ತೆಗೆಯಬೇಡಿ. ಜೂನ್‌ನಿಂದ ಮತ್ತೆ 8ಕ್ಕೆ ಏರಿಸಿ, ಎಲೆ ಹೆಚ್ಚಿದ್ದರೆ ಮೋಡದಲ್ಲೂ ಬದುಕುತ್ತದೆ. ಬೆಳೆಯುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ 250 ಗ್ರಾಂ ಅಮೋನಿಯಂ ಸಲ್ಫೇಟ್ ಹರಡಿ ಕೂಡಲೇ ನೀರು ಹಾಯಿಸಿ, ಜಡಿಮಳೆಯಲ್ಲಿ ನಿಲ್ಲಿಸಿ. ಅದೇ ಅಂತರದಲ್ಲಿ 50 ಲೀಟರ್ ಒಣ ಮರಳು ಚೆಲ್ಲಿ ಪೊರಕೆಯಿಂದ ಎಳೆಯಿರಿ, ಅದು 1 ಮಿ.ಮೀ. ಪದರವಾಗುತ್ತದೆ. ಮೊದಲು ಹಾಕಿದ ಮರಳನ್ನೇ ಇದಕ್ಕೂ ಎತ್ತಿಟ್ಟುಕೊಂಡಿರಿ, ಬೇರೆ ಮರಳಾದರೆ ಪದರ ಪದರವಾಗಿ ಬೇರು ಅಲ್ಲೇ ನಿಲ್ಲುತ್ತದೆ.

ಪಾಚಿ ಕಪ್ಪಗೆ ಹೊಪ್ಪಳೆ ಕಟ್ಟಿದರೆ ಫೋರ್ಕಿನಿಂದ ಚುಚ್ಚಿ ಗಾಳಿಯಾಡಿಸಿ, ಮಳೆ ಬಿಟ್ಟಾಗ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಸಿಂಪಡಿಸಿ. ಅಡಿಕೆಗೆ ಕಲಸಿದ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಉಳಿದಿದೆ ಎಂದು ಇಲ್ಲಿ ಹೊಡೆಯಬೇಡಿ, ತಾಮ್ರ ಮರಳಿನಲ್ಲೇ ಕೂತು ಬೇರು ಸುಡುತ್ತದೆ.

ಚೆಂಡು ಬೀಳುವ ಕಪ್ಪನ್ನು ಕೂರಿಸುವ ತೂತು 108 ಮಿ.ಮೀ. ಅಗಲ, ಕಪ್ಪಿನ ಅಂಚು ಹುಲ್ಲಿನ ಮಟ್ಟದಿಂದ ಒಂದು ಇಂಚು ಕೆಳಗೆ. 110 ಮಿ.ಮೀ.ನ ಪಿವಿಸಿ ಪೈಪಿನ ತುಂಡು ಹಾಕಿದರೆ ಅದರ ಒಳ ಅಳತೆ ಚಿಕ್ಕದಾಗುತ್ತದೆ, ಗಾಲ್ಫ್ ಕಪ್ಪನ್ನೇ ಕೊಳ್ಳಿ. ವಾರಕ್ಕೊಮ್ಮೆ ಜಾಗ ಬದಲಿಸಿ.